ಹತ್ತು ನಿಮಿಷದ ಓದು, ಐದು ಫಾರಂ

ಇಪ್ಪತ್ತಾರು ವರ್ಷ ಸರಕಾರಿ ಬಾನುಲಿಯಲ್ಲಿ ದುಡಿದು, ನಿಲಯದ ಮುಖ್ಯಸ್ಥೆಯಾಗಿದ್ದವರನ್ನು ಸರಕಾರ ಶಿಕ್ಷಣ ಇಲಾಖೆಯ ಆಯುಕ್ತೆಯನ್ನಾಗಿ ನೇಮಿಸಿತು. ಬಾನುಲಿಯಲ್ಲಿ ಆರು ಗಂಟೆಗೆ ಸುದ್ದಿ ಎಂದರೆ ಆರಕ್ಕೇ ಸುದ್ದಿ. ಇಲ್ಲಿ ಹನ್ನೊಂದರ ಸಭೆ ಹನ್ನೆರಡೂವರೆಗೆ ಶುರುವಾಗಿ, ಮುಂದಿನ ಸಭೆ ಯಾವಾಗ ಎಂಬ ಚರ್ಚೆಯಲ್ಲಿ ಮುಗಿಯುತ್ತಿತ್ತು.

ಮೊದಲ ತಿಂಗಳಲ್ಲೇ ಅವರು ನಾಲ್ಕು ಸಾಲಿನ ಸುತ್ತೋಲೆ ಬರೆದರು: ದಿನಕ್ಕೆ ಹತ್ತು ನಿಮಿಷ ಮಕ್ಕಳಿಗೆ ಕಥೆ ಓದಿ ಹೇಳಬೇಕು. ಪ್ರಶ್ನೆ ಇಲ್ಲ, ಅಂಕ ಇಲ್ಲ. ಅದು ಏಳು ಮೇಜು ಸುತ್ತಿ ವಾಪಸಾಗಲು ಐದು ತಿಂಗಳು ಹಿಡಿಯಿತು. ದಪ್ಪಗಾಗಿದ್ದ ಕಡತವನ್ನು ಪೂರ್ತಿ ಓದುವ ತಾಳ್ಮೆಯಿಲ್ಲದೆ ಆಯುಕ್ತೆ ಸಹಿ ಹಾಕಿಬಿಟ್ಟರು.

ಮೂರು ವಾರಕ್ಕೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ತಂಗಿಯ ಫೋನ್ ಬಂತು.

"ಅಕ್ಕಾ, ನಿಂಗೇನು ತಲೆ ಕೆಟ್ಟಿದ್ಯಾ? ಹತ್ತು ನಿಮಿಷ ಓದೋಕೆ ಐದು ಫಾರಂ! ಎಷ್ಟು ಮಕ್ಕಳು ನಕ್ಕರು ಅಂತಾನೂ ಬರೀಬೇಕಂತೆ. ಕೆಳಗೆ ನಿನ್ನದೇ ಸಹಿ."

ಮರುದಿನ ಅಕ್ಕ ಹೇಳದೆ ಕೇಳದೆ ತಂಗಿಯ ಶಾಲೆಗೆ ಹೋದರು. ಮುಚ್ಚಿದ ಕಥೆಪುಸ್ತಕ ಕಿಟಕಿಯ ಕಟ್ಟೆಯ ಮೇಲಿತ್ತು. ತಂಗಿ ಫಾರಂ ತುಂಬುತ್ತ ಕೂತಿದ್ದಳು.

"ನಕ್ಕವರು ಕೈ ಎತ್ತಿ," ಎಂದಳು.

"ಮಿಸ್, ನೀವಿನ್ನೂ ಓದೇ ಇಲ್ಲ," ಎಂದಿತು ಒಂದು ಮಗು.

ಬಾಗಿಲಲ್ಲಿ ನಿಂತ ಅಕ್ಕನ ಮುಖ ಕೆಂಪಾಯಿತು. ಕಚೇರಿಗೆ ಬಂದವರೇ ಕಡತ ನೋಡಿಕೊಳ್ಳುವ ಮೇಲ್ವಿಚಾರಕರನ್ನು ಕರೆಸಿದರು.

"ಈ ಫಾರಂ ಯಾರ್ರೀ ಸೇರ್ಸಿದ್ದು?"

"ಪುರಾವೆ ಬೇಕಲ್ಲ ಮೇಡಂ. ನಾಳೆ ಯಾರಾದ್ರೂ ಓದೇ ಇಲ್ಲ ಅಂದ್ರೆ?"

"ಓದಿದ್ರೋ ಇಲ್ವೋ ಮಕ್ಕಳಿಗೆ ಗೊತ್ತಿರುತ್ತಲ್ಲ!"

"ಮಕ್ಕಳ ಸಹಿ ನಡೆಯಲ್ಲ ಮೇಡಂ," ಎಂದರು ಅವರು, ತುಂಬ ವಿನಯದಿಂದ.

ಆಯುಕ್ತೆಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ರದ್ದು ಮಾಡಿ ಎಂದರೆ, ಅದಕ್ಕೂ ಏಳು ಮೇಜಿನ ಒಪ್ಪಿಗೆ ಬೇಕಂತೆ. ಮೂರನೆಯ ಮೇಜಿನವರು ರಜೆಯ ಮೇಲಿದ್ದಾರಂತೆ. "ಅವರ ಬದಲಿ ಯಾರೋ ಇರ್ತಾರಲ್ಲ, ಬನ್ನಿ," ಎಂದು ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ತಾವೇ ಹೊರಟರು. ಪ್ರತಿ ಮೇಜಿನ ಮುಂದೆಯೂ ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಯುಕ್ತೆ ನಿಂತಿರುವಾಗ ಕೂತು ಯೋಚಿಸುವುದು ಯಾರಿಗೂ ಸುಲಭವಾಗಲಿಲ್ಲ. ಐದನೆಯ ಮೇಜಿನವರು ಪೆನ್ನು ಸಿಗುತ್ತಿಲ್ಲ ಎಂದಾಗ ತಮ್ಮದನ್ನೇ ಬಿಚ್ಚಿ ಕೊಟ್ಟರು. ಸಂಜೆ ನಾಲ್ಕಕ್ಕೆ ಫಾರಂಗಳು ರದ್ದಾದವು. ಬೆನ್ನಹಿಂದೆ "ಬಾನುಲಿಯವರಿಗೆ ನಿಯಮ ಗೊತ್ತಿಲ್ಲ" ಎಂಬ ಮಾತೂ ಕೇಳಿಬಂತು.

ವಾರದ ನಂತರ ತಂಗಿ ಮತ್ತೆ ಫೋನ್ ಮಾಡಿದಳು.

"ಕಥೆ ಅರ್ಧಕ್ಕೆ ನಿಲ್ಲಿಸೋಕೆ ಮಕ್ಕಳು ಬಿಡ್ತಿಲ್ಲ ಕಣೇ. ಪಾಠ ತಡವಾಗ್ತಿದೆ ಅಂತ ಗಣಿತದ ಮೇಷ್ಟ್ರು ನಿಮ್ಮ ಇಲಾಖೆಗೆ ದೂರು ಬರೀತಾರಂತೆ."

"ಬರೀಲಿ ಬಿಡು," ಎಂದರು ಅಕ್ಕ, ಬಹಳ ದಿನಗಳ ಮೇಲೆ ನಗುತ್ತ. "ಮುಂದೇನಾಯ್ತು ಕಥೇಲಿ?"