ಖಂಡೇಪೂಜೆಗೆ ಇಳಿಸಿದ ಎಣ್ಣೆ

ಹೊಸ ಎಣ್ಣೆ ಹಾಕಿದ್ದರಿಂದ ಗಾಡಿ ಕೆಟ್ಟಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಇಪ್ಪತ್ತು ವರ್ಷ ಲಾರಿಗಳ ಅಡಿಯಲ್ಲಿ ಮಲಗಿ ಎದ್ದವನು ನಾನು, ಮುನಾಫ. ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗಳಲ್ಲಿ ನನ್ನನ್ನು ಉಸ್ತಾದ ಎನ್ನುತ್ತಾರೆ. ಬೇರೆ ಯಾರಾದರೂ ಬಂದು ಹೀಗೆ ಹೇಳಿದ್ದರೆ ನಾನೂ ಬೈದು ಕಳಿಸುತ್ತಿದ್ದೆ.

ಅರವತ್ತೆಂಟರ ದಸರೆ ಮುಗಿದ ಮೇಲೆ ನಮ್ಮ ಶರಣಬಸಪ್ಪ ಸಾವಕಾರರು ಮಿಲಿಟರಿ ಹರಾಜಿನಲ್ಲಿ ಒಂದು ವಿಲಾಯತಿ ಲಾರಿ ತಂದಿದ್ದರು. ಹಿಂದಿನ ಗಾಲಿಗಳಿಗೆ ಜೋರು ಹಂಚುವ ಅದರ ಡಿಫರೆನ್ಶಿಯಲ್ ಬೇರೆ ಥರದ್ದು. ಉಳಿದ ಲಾರಿಗಳಲ್ಲಿ ಹಿಂದಿನ ಒಂದು ಗಾಲಿ ಕೆಸರಿಗೆ ಇಳಿದರೆ ಅದೊಂದೇ ಗರಗರ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಇದರೊಳಗೆ ಒಂದಕ್ಕೊಂದು ಒತ್ತಿಕೊಂಡ ತಟ್ಟೆಗಳಿದ್ದವು. ಅವು ಜಾರುವ ಗಾಲಿಯನ್ನು ಹಿಡಿದು, ನೆಲ ಸಿಕ್ಕ ಗಾಲಿಗೂ ಜೋರು ಕೊಡುತ್ತಿದ್ದವು. ಮಳೆಗಾಲದಲ್ಲಿ ಚಿಂಚೋಳಿ ಕಡೆಯ ಕರಿಮಣ್ಣಿನ ಹಾದಿಯನ್ನು ಲೋಡು ಸಮೇತ ದಾಟುತ್ತಿದ್ದದ್ದು ಅದೊಂದೇ ಲಾರಿ.

ಅದರ ಡ್ರೈವರ್ ಅಂಬರಾಯ. ಹನ್ನೊಂದು ವರ್ಷ ಖಣಿಯಲ್ಲಿ ಕಲ್ಲು ಹೊತ್ತು, ನಡು ಬಿದ್ದುಹೋದ ಮೇಲೆ ಸ್ಟೇರಿಂಗ್ ಹಿಡಿದವನು. ಮತ್ತೆ ಕಲ್ಲು ಹೊರುವ ತ್ರಾಣ ಅವನಲ್ಲಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅರವತ್ತೊಂಬತ್ತನೇ ಇಸವಿಯ ಖಂಡೇಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ಎಂದಿನಂತೆ ಎಲ್ಲ ಗಾಡಿಗಳ ಎಣ್ಣೆ ಇಳಿಸಿದೆ. ಪೂಜೆಯ ದಿನ ಗಾಡಿಯೊಳಗೆ ಹಳೇ ಎಣ್ಣೆ ಇರಬಾರದೆಂಬುದು ನಮ್ಮ ಖಣಿಯ ರೂಢಿ. ವಿಲಾಯತಿ ಲಾರಿಗೆ ನಮ್ಮಲ್ಲಿ ಅದೇ ಮೊದಲ ಪೂಜೆ. ಅದರ ಡಿಫರೆನ್ಶಿಯಲ್ ಎಣ್ಣೆ ಮಾತ್ರ ಬೆರಳಿಗೆ ಬೇರೆಯಾಗಿಯೇ ಹತ್ತಿತು, ವಾಸನೆಯೂ ಬೇರೆ. ಅನುಮಾನ ಬಂತು. ಆದರೆ ಹೂವು, ಕುಂಬಳಕಾಯಿ ಹಿಡಿದುಕೊಂಡು ಜನ ಕಾಯುತ್ತಿದ್ದರು. ಉಳಿದ ಗಾಡಿಗಳಿಗೆ ಹಾಕುವ ತೊಂಬತ್ತು ನಂಬರಿನ ಎಣ್ಣೆಯನ್ನೇ ಡ್ರಮ್ಮಿನಿಂದ ಸುರಿದು ಮುಚ್ಚಳ ಬಿಗಿದುಬಿಟ್ಟೆ. ಇಳಿಸಿದ ಎಣ್ಣೆಯನ್ನು ಗುಂಡಗುರ್ತಿಯ ಎತ್ತಿನ ಬಂಡಿಯ ಕಾಶಪ್ಪ ತನ್ನ ಬಂಡಿಯ ಅಚ್ಚಿಗೆಂದು ಡಬ್ಬಿಯಲ್ಲಿ ತುಂಬಿಕೊಂಡು ಹೋದ.

ವಾರದೊಳಗೆ ಲಾರಿ ತಿರುವಿನಲ್ಲಿ ಕಟಕಟ ಎನ್ನತೊಡಗಿತು. ಅಡಿಗೆ ಹೊಕ್ಕು ಡಿಫರೆನ್ಶಿಯಲ್ ಮೇಲೆ ಕೂತಿದ್ದ ಮಣ್ಣನ್ನೆಲ್ಲ ಕೆರೆದೆ. ಒಂದು ಹಿತ್ತಾಳೆ ಪಟ್ಟಿ ಕಂಡಿತು. ವಾಡಿಯ ರೈಲ್ವೆ ಶೆಡ್ಡಿನಲ್ಲಿದ್ದಾಗ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಈ ತಟ್ಟೆಗಳಿಗೆಂದೇ ಮಾಡಿದ ಎಣ್ಣೆಯ ಹೊರತು ಬೇರೆ ಯಾವುದನ್ನೂ ಹಾಕಬಾರದು, ಹಾಕಿದರೆ ತಟ್ಟೆಗಳು ಸವೆದುಹೋಗುತ್ತವೆ ಎಂದಿತ್ತು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ಈ ಮಣ್ಣು ಕೆರೆಯುವ ಕೆಲಸವನ್ನು ಒಂದು ವಾರ ಮೊದಲು ಮಾಡಲು ನನಗೇನು ಧಾಡಿಯಾಗಿತ್ತು?

ಇಳಿಸಿದ ಎಣ್ಣೆಯನ್ನು ಮರಳಿ ತರಲು ಮರುದಿನವೇ ಗುಂಡಗುರ್ತಿಗೆ ಹೋದೆ. ಕಾಶಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಪೀರಮ್ಮ ಡಬ್ಬಿ ತಂದು ಮುಂದಿಟ್ಟಳು. ಒಳಗೆ ಕರ್ರಗಿನ ಗಟ್ಟಿ ರಾಡಿ.

"ಇದೇನವ್ವಾ?"

"ಹುಲ್ಲು ಸುಟ್ಟು ಬೂದಿ ಕಲಸೀನಿ ಅಣ್ಣಾ. ಬರೇ ಎಣ್ಣಿ ಬಂಡಿ ಅಚ್ಚಿಗಿ ನಿಂದ್ರಂಗಿಲ್ಲಲ್ಲ. ಬೇಕಾದ್ರ ಎಲ್ಲಾ ಒಯ್ರಿ, ನಮಗ ಔಡಲೆಣ್ಣಿ ಅದ."

ಪಾಪ, ಅವಳ ತಪ್ಪೇನು? ಬಂಡಿ ಇಟ್ಟವರೆಲ್ಲ ಮಾಡುವುದೇ ಅದು. ಅವಳು ಕೊಟ್ಟ ಚಹಾ ಕುಡಿದು ಬರಿಗೈಲಿ ಬಂದೆ.

ಗುಲಬರ್ಗಾ ತಿರುಗಿದೆ, ಹೈದರಾಬಾದು ತಿರುಗಿದೆ. ಅಂಥ ಎಣ್ಣೆಯ ಹೆಸರನ್ನೇ ಅಂಗಡಿಯವರು ಕೇಳಿರಲಿಲ್ಲ. ಮುಂಬಯಿಗೆ ಎರಡು ಕಾಗದ ಬರೆಸಿದೆ, ಉತ್ತರ ಬರಲಿಲ್ಲ. ಎಣ್ಣೆ ಸಿಗುವ ತನಕ ಲಾರಿ ನಿಲ್ಲಿಸಿರೆಂದು ಸಾವಕಾರರಿಗೆ ಕೈಮುಗಿದೆ.

"ಕಂಪನಿಯವ್ರು ತಮ್ಮ ಎಣ್ಣಿ ಮಾರಾಕ ಹಂಗ ಬರದಿರ್ತಾರೋ ಮುನಾಫ. ಹೊಸಾ ಎಣ್ಣಿ ಹಾಕೀದಿ, ಇನ್ನೇನು ಬೇಕು ಅದಕ್ಕ?" ಎಂದರು.

ಕಟಕಟ ಎನ್ನುತ್ತಲೇ ಲಾರಿ ಚಳಿಗಾಲ ಕಳೆಯಿತು. ಬೇಸಿಗೆಯಲ್ಲಿ ಸದ್ದು ತಾನಾಗಿಯೇ ನಿಂತಿತು. ಎಲ್ಲರಿಗೂ ಖುಷಿಯೋ ಖುಷಿ. ಅಂಬರಾಯ ನನ್ನನ್ನು ಕರೆದು ಭಜಿ ತಿನ್ನಿಸಿದ. ತಟ್ಟೆಗಳು ಪೂರ್ತಿ ಸವೆದು ಹೋದವು, ಸದ್ದು ಮಾಡಲಿಕ್ಕೂ ಏನೂ ಉಳಿದಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಮೊದಲ ದೊಡ್ಡ ಮಳೆಗೆ ಚಿಂಚೋಳಿಯ ಆಚೆ ಲಾರಿ ಹೂತಿತು. ಒಂದು ಗಾಲಿ ತಿರುಗಿ ತಿರುಗಿ ಕೆಸರು ತೋಡಿತು, ಇನ್ನೊಂದು ಅಲುಗಲಿಲ್ಲ. ಎರಡು ದಿನವಾದ ಮೇಲೆ ಎಂಟು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಸಾವಕಾರರ ಸಿಟ್ಟು ನೆತ್ತಿಗೇರಿತ್ತು.

"ಹೋದ ಮಳಿಗಾಲೆಲ್ಲಾ ದಾಟಿದ ಗಾಡಿ ಈಗ್ಯಾಕ ಸಿಕ್ಕೊಂತು? ಬೇಕಾದಂಗ ಹೊಡದು ಕೆಡಿಸ್ಯಾನ. ಅಂಬರಾಯ ಇವತ್ತಿಂದ ಖಣಿಗಿ ಇಳೀಲಿ, ಕಲ್ಲು ಹೊರ್ಲಿ."

"ತಪ್ಪು ನಂದದರಿ ಸಾವಕಾರ್ರ," ಎಂದೆ. "ಎಣ್ಣಿ ಬದಲ್ ಮಾಡಿದಾವ ನಾ. ಕೆಲಸಾ ಬಿಡಿಸೂದಿದ್ರ ನನಗ ಬಿಡಿಸ್ರಿ."

ಹಿತ್ತಾಳೆ ಪಟ್ಟಿಯನ್ನು ಬಿಚ್ಚಿ ತಂದಿದ್ದೆ, ಅದನ್ನು ಅವರ ಮುಂದಿಟ್ಟೆ. ಅವರು ಅದನ್ನು ನೋಡಲೂ ಇಲ್ಲ. ನನ್ನ ಮುಖ ನೋಡಿದರು, ಸಿಟ್ಟೆಲ್ಲ ಇಳಿದು ನಕ್ಕರು.

"ದೋಸ್ತಿ ಅಂದ್ರ ಹಿಂಗಿರಬೇಕು ನೋಡು. ಹೊಸಾ ಎಣ್ಣಿಂದ ಗಾಡಿ ಕೆಡ್ತದಂತ! ನೀ ಭಾಳ ಚಲೋ ಮನಶ್ಯಾ ಇದ್ದಿ ಮುನಾಫ. ಹೋಗು, ನಿನ್ನ ಕೆಲಸಾ ನೋಡು."

ನಾನು ಮತ್ತೆ ಹೇಳಿದೆ, ಆಣೆ ಮಾಡಿ ಹೇಳಿದೆ. ಹೇಳಿದಷ್ಟೂ ನಾನು ಒಳ್ಳೆಯವನಾಗುತ್ತ ಹೋದೆ.

ಹೊರಗೆ ಅಂಬರಾಯ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನಾನು ಅವನ ರಟ್ಟೆ ಹಿಡಿದುಕೊಂಡೆ.

"ಇವರು ನಂಬಲಿಲ್ಲ, ನೀನರ ನಂಬು. ನಿನ್ನ ಸ್ಟೇರಿಂಗ್ ಕಸಗೊಂಡಾವ ನಾ. ಬಯ್ಯಿ ನನಗ, ಎರಡು ಹೊಡಿ."

ಅವನ ಕಣ್ಣು ತುಂಬಿಬಂದವು.

"ನನ್ನ ಸಲುವಾಗಿ ಸುಳ್ಳು ಹೇಳಿ ನಿಮ್ಮ ಹೆಸರು ಕೆಡಸ್ಕೋಬ್ಯಾಡ್ರಿ ಉಸ್ತಾದ. ನಾನೇ ಎಲ್ಲೋ ತಪ್ಪಿ ಹೊಡದಿರಬೇಕ್ರಿ," ಎಂದ.

ಬೇಡವೆಂದರೂ ಬಗ್ಗಿ ನನ್ನ ಕಾಲು ಮುಟ್ಟಿದ. ಆಮೇಲೆ ಕಲ್ಲು ಹೊರಲು ತಲೆಗೆ ಸಿಂಬಿ ಸುತ್ತಿಕೊಳ್ಳುತ್ತ ಖಣಿಗೆ ಇಳಿದುಹೋದ.