ದೇವರ ಮನೆಯ ಮೂರನೇ ಬೊಟ್ಟು

ಬಾಡಿಗೆದಾರರ ಮನೆಯಲ್ಲಿ ನೀರು ಎದೆಮಟ್ಟ ಬರುತ್ತದೆ, ಪಕ್ಕದ ಮಾಲೀಕರ ಮನೆಯಲ್ಲಿ ಪಾದವೂ ನೆನೆಯುವುದಿಲ್ಲ. ನಡುವೆ ಇರುವುದು ಒಂದೇ ಗೋಡೆ. ಮಳೆನೀರು ನುಗ್ಗಿದ ಮನೆಗಳ ನಷ್ಟ ಬರೆದುಕೊಳ್ಳುತ್ತ ಎಂಟು ತಿಂಗಳು ತಿರುಗಿದ ನನಗೆ ಆ ಗೋಡೆ ಚೆನ್ನಾಗಿ ಗೊತ್ತು. ಪರಿಹಾರ ಬಂದೀತೆಂದು ಬಾಡಿಗೆದಾರರು ಏರಿಸುತ್ತಾರೆ, ಮನೆಯ ಬೆಲೆ ಬಿದ್ದೀತೆಂದು ಮಾಲೀಕರು ಇಳಿಸುತ್ತಾರೆ. ನಾನು ಇಬ್ಬರನ್ನೂ ನಂಬುತ್ತಿರಲಿಲ್ಲ. ಬಾಡಿಗೆದಾರರು ಹೇಳಿದ್ದರಲ್ಲಿ ಅರ್ಧ ಬರೆಯುವುದು, ಮಾಲೀಕರ ಗೋಡೆಯಲ್ಲಿ ಕಲೆ ಹುಡುಕುವುದು, ಇದು ನನ್ನ ಪದ್ಧತಿ. ಆಫೀಸಿನಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಕುಂದಲಹಳ್ಳಿಯ ಹಳೇ ಊರಿನ ಹಿಂದೆ ರಾಜಕಾಲುವೆಗೆ ಹೋಗಿ ಮುಟ್ಟುವ ಒಂದು ಅಡ್ಡರಸ್ತೆಯಿದೆ. ಅದರ ಕಟ್ಟಕಡೆಯ, ಎಲ್ಲಕ್ಕಿಂತ ತಗ್ಗಿನ ಮನೆ ಭಾಗ್ಯಮ್ಮನವರದು. ತಗ್ಗಿನ ಮನೆಯಲ್ಲಿ ನೀರು ಎಷ್ಟು ನಿಂತಿತ್ತೋ ಅದೇ ಇಡೀ ರಸ್ತೆಯ ಅಳತೆ ಎಂಬುದು ನಮ್ಮ ನಿಯಮ. ಮೂರಡಿ ದಾಟಿದರೆ ನಕ್ಷೆಯಲ್ಲಿ ರಸ್ತೆಗೆ ಕೆಂಪು ಬಣ್ಣ. ಕೆಂಪು ರಸ್ತೆಗೆ ಈ ವರ್ಷವೇ ಕಾಲುವೆಯ ತಡೆಗೋಡೆ, ಮಳೆಗಾಲಕ್ಕೆ ಮುಂಚೆ ಪಂಪು. ಮೂರಡಿಯೊಳಗಿದ್ದರೆ ಹಳದಿ, ಅಂದರೆ ನೋಡೋಣ. ಸೊನ್ನೆಯಾದರೆ ಹಸಿರು, ಅಂದರೆ ಮರೆತೇಬಿಡೋಣ.

ಮೊದಲು ಅದೇ ಮನೆಯ ಹಿಂದಿನ ಸಾಲಿನ ಕೋಣೆಯಲ್ಲಿ ಬಾಡಿಗೆಗಿರುವ ರಾಣಿಯನ್ನು ಮಾತಾಡಿಸಿದೆ. ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಹೆಂಗಸು. ಹಾಸಿಗೆ, ಗ್ರೈಂಡರ್, ಅಕ್ಕಿ ಮೂಟೆ, ಕೆಲಸಕ್ಕೆ ಹೋಗಲಾಗದ ಒಂಬತ್ತು ದಿನ, ಎಲ್ಲ ಬರೆಸಿದಳು.

"ನೀರು ಎಲ್ಲಿವರ್ಗೂ ಬಂದಿತ್ತು?"

"ಸೊಂಟ ಮುಚ್ಚಿತ್ತು ಅಕ್ಕ. ಮಗಳನ್ನ ಅಟ್ಟದ ಮೇಲೆ ಕೂರ್ಸಿ ನಾನು ಕೆಳಗೇ ನಿಂತಿದ್ದೆ. ಮೂರೂವರೆ ಅಡಿ ಹತ್ರ ಇತ್ತು."

ಸುಣ್ಣ ಬಣ್ಣ ಹೊಸದು, ಗೋಡೆಯಲ್ಲಿ ಒಂದು ಕಲೆಯಿಲ್ಲ. ನಾನು ಒಂದೂಮುಕ್ಕಾಲು ಅಡಿ ಎಂದು ಬರೆದೆ. ಅವಳು ಓದದೆಯೇ ಸಹಿ ಹಾಕಿಕೊಟ್ಟು ಕೆಲಸಕ್ಕೆ ಓಡಿದಳು.

ಮುಂದಿನ ಮನೆಯಲ್ಲಿ ಭಾಗ್ಯಮ್ಮ ಕಾಫಿ ಕೊಟ್ಟರು. ಅರವತ್ತರ ಆಸುಪಾಸು, ಕೈತುಂಬ ಗಾಜಿನ ಬಳೆ, ಮಾತಿನಲ್ಲಿ ಧಾರಾಳ. ಪ್ರಶ್ನೆ ಕೇಳುತ್ತಲೇ ಧಾರಾಳವೆಲ್ಲ ಮಾಯ.

"ನೀರಾ? ನಮ್ಮನೇಗಾ? ಬೀದಿ ನೆಂದಿತ್ತು ಅಷ್ಟೇಯ."

"ಮತ್ತೆ ಬೀರು ಯಾಕಮ್ಮ ಕಲ್ಲಿನ ಮೇಲೆ ಕೂತಿದೆ?"

"ಇಲಿ ಕಾಟ."

"ಸ್ವಿಚ್ ಬೋರ್ಡು ಭುಜದೆತ್ತರಕ್ಕೆ ಹೋಗಿದ್ಯಲ್ಲ?"

"ಅದೂ ಇಲಿ."

ಎಂಥಾ ಇಲಿಯಪ್ಪ ಇದು ಎಂದುಕೊಂಡೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಸ್ಪೀಕರಿನಲ್ಲಿ ಮಗ ಮನುವಿನ ದನಿ. "ಅಮ್ಮಾ, ಸರ್ವೇಯವ್ರು ಬಂದ್ರಾ? ನೀರು ಬಂದಿಲ್ಲ ಅಂದ್ಬಿಡು. ನಾಳೆ ಶ್ಯಾಮಲಾ ಮೇಡಂ ಅಗ್ರಿಮೆಂಟ್‌ಗೆ ಬರ್ತಾರೆ, ಗೊತ್ತಲ್ಲ?" ಭಾಗ್ಯಮ್ಮ ಗಾಬರಿಯಿಂದ ಫೋನನ್ನು ಸೆರಗಿನಲ್ಲಿ ಮುಚ್ಚಿದರು. ನನಗೆ ಕೇಳಿಸಿಬಿಟ್ಟ ಮೇಲೆ ಮುಚ್ಚಿಟ್ಟು ಏನು ಪ್ರಯೋಜನವೆಂದು ವಿಷಯ ಹೇಳಿದರು. ಮುಂಭಾಗದ ನೆಲಮಹಡಿಯ ಐದು ಕೋಣೆ ಪಿ.ಜಿ.ಗೆ ಹೋಗಲಿವೆ, ಇಪ್ಪತ್ತು ಹೆಣ್ಣುಮಕ್ಕಳು ಬರುತ್ತಾರೆ. ಮೂರು ತಿಂಗಳಿಂದ ಖಾಲಿ ಬಿದ್ದಿರುವ ಕೋಣೆಗಳವು. ರಸ್ತೆ ಕೆಂಪಾಯಿತೆಂದರೆ ಪಿ.ಜಿ. ನಡೆಸುವ ಶ್ಯಾಮಲಾ ತಿರುಗಿಯೂ ನೋಡುವುದಿಲ್ಲ.

ನನಗೆ ಸಿಟ್ಟು ಬಂತು. ಗೋಡೆಯ ಬುಡ, ಬಾಗಿಲಿನ ಹಿಂಬದಿ, ಮೆಟ್ಟಿಲ ಸಂದು, ಎಲ್ಲ ತಡಕಿದೆ. ಪೇಂಟಿನವನು ಅಚ್ಚುಕಟ್ಟಿನ ಮನುಷ್ಯ, ಏನೂ ಉಳಿಸಿರಲಿಲ್ಲ. ಮಾಲೀಕರು ಒಪ್ಪದಿದ್ದರೆ ಬಾಯಿಮಾತು ಸಾಲದು, ಗುರುತು ಬೇಕು. ಒತ್ತಿ ಒತ್ತಿ ಸೊನ್ನೆ ಬರೆದು ಚೀಲ ಹೆಗಲಿಗೇರಿಸಿದೆ.

"ಇರಮ್ಮ, ಅಂಗೇ ಹೋಗ್ಬಾರ್ದು. ಮುತ್ತೈದೆ ಮನೆಗೆ ಬಂದಿದೀಯ, ಕುಂಕುಮ ತಗೊಂಡು ಹೋಗು" ಎಂದು ಭಾಗ್ಯಮ್ಮ ಕೈ ಹಿಡಿದೇ ಒಳಕ್ಕೆ ಕರೆದೊಯ್ದರು. ಬೈದುಕೊಳ್ಳುತ್ತಲೇ ಹೋದೆ.

ದೇವರ ಮನೆಗೆ ಮಾತ್ರ ಪೇಂಟಿನವನನ್ನು ಬಿಟ್ಟಿರಲಿಲ್ಲ. ಮಸಿ ಹಿಡಿದ ಗೋಡೆ, ದೀಪದ ಗೂಡು, ಅರಿಶಿನ ಮೆತ್ತಿದ ಹಳೇ ಬಾಗಿಲುವಾಡ. ಅವರು ಕುಂಕುಮದ ಬಟ್ಟಲಿಗೆ ಕೈಹಾಕುವಷ್ಟರಲ್ಲಿ ನನ್ನ ಕಣ್ಣು ಬಾಗಿಲುವಾಡದ ಮೇಲೆ ನಿಂತಿತು. ಒಂದರ ಮೇಲೊಂದು ಮೂರು ಕುಂಕುಮದ ಬೊಟ್ಟು. ಒಂದು ಹಿಮ್ಮಡಿಯ ಮೇಲೆ, ಒಂದು ಮೊಣಕಾಲಿಗೆ, ಮೂರನೆಯದು ದೀಪದ ಗೂಡಿನ ಸ್ವಲ್ಪ ಕೆಳಗೆ.

ಹೊಸ್ತಿಲಿಗೆ ಬೊಟ್ಟಿಡುವುದು ಕಂಡಿದ್ದೇನೆ. ಹೀಗೆ ಏಣಿ ಹತ್ತುವ ಬೊಟ್ಟು ಕಂಡಿರಲಿಲ್ಲ.

"ಇದೇನಮ್ಮ?"

ಭಾಗ್ಯಮ್ಮನ ಬೆರಳು ಬಟ್ಟಲಿನಲ್ಲೇ ಉಳಿಯಿತು. ಕರೆದು ತಂದವರು ತಾವೇ ಎಂಬುದು ಅವರಿಗೆ ಹೊಳೆದದ್ದು ಆಗ. ಮುಚ್ಚಿಡದೆ ಹೇಳಿದರು. "ನಮ್ಮತ್ತೆ ಕಾಲದಾಗೆ ಕೆರೆ ಕೋಡಿ ಬಿದ್ರೆ ಊರ ಹೆಂಗಸ್ರೆಲ್ಲ ಹೋಗಿ ಕೋಡಿಕಲ್ಲಿಗೆ ನೀರು ಮುಟ್ಟಿದ ಕಡೆ ಬೊಟ್ಟಿಡೋರು. ಈಗ ಕೋಡಿಕಲ್ಲು ಎಲ್ಲೈತೆ? ಗಂಗಮ್ಮ ಸೀದಾ ಮನೆಗೇ ಬತ್ತಾಳೆ. ಬಂದೋಳಿಗೆ ಕುಂಕುಮ ಇಡ್ದೆ ಕಳ್ಸಕ್ಕಾಯ್ತದಾ?"

ನಾನು ಟೇಪು ತೆಗೆದೆ. ಗೆದ್ದೆನೆಂದು ಒಳಗೊಳಗೇ ಕುಣಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮೂರನೇ ಬೊಟ್ಟು ಎರಡಡಿ ಒಂಬತ್ತು ಅಂಗುಲ. ಸೊನ್ನೆಯನ್ನು ಹೊಡೆದುಹಾಕಿ ಅದನ್ನು ಬರೆದೆ.

"ಕೆಂಪಾ?" ಎಂದು ಕೇಳಿದರು.

"ಇಲ್ಲಮ್ಮ. ಮೂರಂಗುಲ ಕಮ್ಮಿ. ಹಳದಿ. ನಿಮ್ಮ ಪಿ.ಜಿ.ಗೆ ಏನೂ ತೊಂದ್ರೆ ಇಲ್ಲ."

"ಸದ್ಯ" ಎಂದರು. ನನ್ನ ಹಣೆಗೆ ಕುಂಕುಮವನ್ನೂ ಇಟ್ಟರು. ಇಬ್ಬರಿಗೂ ನೆಮ್ಮದಿ, ನನಗೆ ಗುರುತು ಸಿಕ್ಕಿತ್ತು, ಅವರಿಗೆ ಪಿ.ಜಿ. ಉಳಿದಿತ್ತು. ನಾನು ಟೇಪು ಸುತ್ತುತ್ತಿದ್ದಾಗ ಅವರು ಕೇಳಿದರು.

"ಹಳದಿ ಅಂದ್ರೆ ಗೋಡೆ ಕಟ್ಟಲ್ವಾ?"

"ಈ ವರ್ಷ ಇಲ್ಲ."

"ಪಿ.ಜಿ. ಮಂಚ ಎಷ್ಟೆತ್ತರ ಇರ್ತದೆ?"

"ಒಂದೂವರೆ ಅಡಿ ಇರಬಹುದು."

ಭಾಗ್ಯಮ್ಮ ಬಾಗಿಲುವಾಡವನ್ನೇ ನೋಡುತ್ತ ನಿಂತರು. ಮೊದಲ ಬೊಟ್ಟು, ಎರಡನೆಯದು, ಮೂರನೆಯದು. ಅವರ ಕಣ್ಣು ಮಂಚದ ಎತ್ತರವನ್ನು ಹುಡುಕುತ್ತಿದೆಯೆಂದು ನನಗೆ ತಿಳಿಯಿತು. ಆಮೇಲೆ ಗೂಡಿನಲ್ಲಿದ್ದ ಹಿತ್ತಾಳೆ ದೀಪವನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಗೂಡಿನ ಒಳಗೋಡೆಯ ಎಣ್ಣೆಜಿಡ್ಡಿನ ಮೇಲೆ, ದೀಪ ಮರೆಮಾಡಿದ್ದ ಜಾಗದಲ್ಲಿ, ಒಣಗಿದ ಕೆಸರಿನ ತೆಳು ಗೆರೆಯೊಂದಿತ್ತು.

"ಮೂರನೇ ಬೊಟ್ಟು ಸುಳ್ಳು ಕಣಮ್ಮ" ಎಂದರು. "ಆವತ್ತು ನೀರು ಗೂಡಿಗೆ ನುಗ್ಗಿ ದೀಪ ಆರ್‍ಹೋಯ್ತು. ದೇವರ ದೀಪ ಗಂಗಮ್ಮನೇ ಆರ್ಸಿದ್ಲು ಅಂದ್ರೆ ಊರ್ನೋರು ಏನಂತಾರೆ? ನೀರು ಇಳಿದ ಮೇಲೆ ಬೊಟ್ಟನ್ನ ಗೂಡಿನ ಕೆಳಗೆ ಇಟ್ಬಿಟ್ಟೆ. ಮನೆಯೋರಿಗೂ ಹೇಳಿಲ್ಲ."

ಮತ್ತೆ ಬಟ್ಟಲಿಗೆ ಬೆರಳದ್ದಿ, ಕೆಸರಿನ ಗೆರೆಗೆ ಸರಿಯಾಗಿ ಬಾಗಿಲುವಾಡದ ಮೇಲೆ ಹೊಸ ಬೊಟ್ಟಿಟ್ಟರು.

"ಈಗ ಅಳತೆ ಮಾಡು."

ಅಳೆದೆ. ಮೂರಡಿ ನಾಲ್ಕಂಗುಲ, ಕೆಂಪು.

ರಾಣಿ ಮೂರೂವರೆ ಅಡಿ ಹತ್ರ ಅಂದಿದ್ದಳು. ಎಂಟು ತಿಂಗಳಲ್ಲಿ ಎಷ್ಟು ರಾಣಿಯರ ಸೊಂಟದ ನೀರನ್ನು ಮೊಣಕಾಲಿಗಿಳಿಸಿದ್ದೇನೋ, ಯಾವ ಯಾವ ರಸ್ತೆ ನನ್ನ ಜಂಬದಿಂದ ಹಳದಿಯಾಗಿ ಕೂತಿದೆಯೋ. ಅಲ್ಲಿಯೇ ನೆಲದ ಮೇಲೆ ಕೂತು ಅವಳ ಹಾಳೆ ತೆಗೆದು ಒಂದೂಮುಕ್ಕಾಲನ್ನು ಹೊಡೆದುಹಾಕಿದೆ. ಸಂಜೆ ಅವಳು ಬರುವವರೆಗೂ ಕಾದು, ನಾನು ಮಾಡಿದ್ದನ್ನು ಹೇಳಿ, ಮತ್ತೆ ಸಹಿ ಕೇಳಬೇಕು. ನಾಚಿಕೆಯಾದರೂ ಕೇಳಲೇಬೇಕು. ಹಳೆಯ ರಸ್ತೆಗಳಿಗೂ ಮತ್ತೆ ಹೋಗಬೇಕು.

ಭಾಗ್ಯಮ್ಮ ಹೊಸ ಅಳತೆ ಬರೆದ ತಮ್ಮ ಹಾಳೆಗೆ ಸಹಿ ಹಾಕಿ, ಪೆನ್ನು ಹಿಂದಿರುಗಿಸಿ, ಮಗನಿಗೆ ಫೋನ್ ಮಾಡಿದರು.

"ಮನು, ನಾಳೆ ಆ ಶ್ಯಾಮಲಮ್ಮ ಬಂದಾಗ ಅಗ್ರಿಮೆಂಟು ಆಮ್ಯಾಕೆ. ಮೊದ್ಲು ಒಳಗೆ ಕರ್ಕಂಬಾ."

"ಯಾಕಮ್ಮಾ?"

"ಹೆಣ್ಮಗಳು ಮನೆಗೆ ಬತ್ತಾಳೆ ಕಣಪ್ಪ. ದೇವರ ಮನೇಗೆ ಬಂದು ಕುಂಕುಮ ತಗೊಳ್ದೆ ಹೋಗ್ಬಾರ್ದು."