ಬೆಳಕಿಂಡಿಯಲ್ಲಿ ಸಿಕ್ಕ ಶಾಂತಲಿಂಗಪ್ಪ

ನರೋಣಾದ ಶಾಂತಲಿಂಗಪ್ಪ ಬಿದ್ದ ಹಾಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಇನ್ನೊಬ್ಬ ಬಿದ್ದಿಲ್ಲ. ಎಂಬತ್ತೆರಡನೆಯ ಇಸವಿಯಲ್ಲಿ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ, ಹೊಸ ಬೀಗರ ಕಣ್ಣೆದುರಿಗೇ, ಬಸ್ಸಿನ ಮೆಟ್ಟಿಲು ತಪ್ಪಿ ಮೊಸರಿನ ಗಡಿಗೆಯ ಮೇಲೆ ಕೂತ. ಮೊಸರು ಹಾರಿ ಗಡಿ ದಾಟಿ ಮಹಾರಾಷ್ಟ್ರದಲ್ಲಿ ಬಿತ್ತು. ತಮ್ಮ ದೌಲತರಾಯ ನಕ್ಕುಬಿಟ್ಟ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಅಣ್ಣ ಅಲ್ಲೇ ಆಣೆಯಿಟ್ಟ. ಊರಿಗೆ ಬಂದವನೇ ಮನೆಯ ನಡುವೆ ಗೋಡೆ ಎಬ್ಬಿಸಿದ. ಕಲಬುರಗಿಯ ಕೋಟೆ ಆ ಗೋಡೆಯ ಮುಂದೆ ಮಕ್ಕಳ ಮಣ್ಣಾಟ.

ಆದರೆ ಮಣ್ಣಿನ ಮಾಳಿಗೆಯನ್ನು ಪಾಲು ಮಾಡಲಿಕ್ಕೆ ಬರುವುದಿಲ್ಲ. ಕೆಳಗೆ ಮನೆ ಎರಡಾದರೂ ಮೇಲೆ ಮಾಳಿಗೆ ಒಂದೇ. ಆ ಮಾಳಿಗೆಯಲ್ಲಿ, ತಮ್ಮನ ಪಡಸಾಲೆಯ ನೆತ್ತಿಗೆ ಸರಿಯಾಗಿ, ಬೆಳಕು ಬೀಳಲೆಂದು ಬಿಟ್ಟ ಕಿಂಡಿಯೊಂದಿತ್ತು.

ಎರಡನೆಯ ತಿಂಗಳಿಗೇ ಶಾಂತಲಿಂಗಪ್ಪನಿಗೆ ಪಶ್ಚಾತ್ತಾಪವಾಗಿತ್ತು. ಆಣೆ ಮುರಿಯುವ ದಾರಿ ಮಾತ್ರ ತಿಳಿಯಲಿಲ್ಲ. ದಿನವೂ ಗೋಡೆಗೆ ಕಿವಿಯಿಟ್ಟು ತಮ್ಮನ ಕೆಮ್ಮು ಕೇಳುತ್ತಿದ್ದ. ಕೇಳಿಸದ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂದರೆ ಹನ್ನೆರಡು ತಿನ್ನುವವನು ಹನ್ನೊಂದಕ್ಕೇ ಏಳುತ್ತಿದ್ದ. ಹೀಗೆ ಒಂಬತ್ತು ವರ್ಷ.

ತೊಂಬತ್ತೊಂದರಲ್ಲಿ ದೌಲತರಾಯ ಟಿವಿ ತಂದ. ರವಿವಾರ ಬೆಳಿಗ್ಗೆ ಅದರಲ್ಲಿ ಹಳೆಯ ಕಾರ್ಟೂನು. ಬೆಕ್ಕೊಂದು ಹುಂಜದ ಬೆನ್ನು ಹತ್ತುತ್ತದೆ, ಬಾಗಿಲು ಬಡಿದು ರೊಟ್ಟಿಯಂತೆ ಚಪ್ಪಟೆಯಾಗುತ್ತದೆ, ಮೈ ಕೊಡವಿ ಎದ್ದು ಮತ್ತೆ ಓಡುತ್ತದೆ. ಮಾತೇ ಇಲ್ಲದ್ದರಿಂದ ಯಾವ ಭಾಷೆಯೂ ಬೇಕಿರಲಿಲ್ಲ. ಓಣಿಗೆ ಓಣಿಯೇ ಅಲ್ಲಿ ಸೇರಿತು. ಶಾಂತಲಿಂಗಪ್ಪನ ಹೆಂಡತಿ ಸುಮಿತ್ರಾಬಾಯಿಯೂ ಹೋಗಿ, ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಬಂದಳು.

"ನೀವು ಹುಟ್ಟೂಕಿಂತ ಮೊದಲಿಂದ ಬೀಳಾಕತ್ತೈತಂತ್ರಿ ಆ ಬೆಕ್ಕು" ಎಂದಳು ಗಂಡನಿಗೆ. "ಇನ್ನೂ ಯಾರ ಮ್ಯಾಲೂ ಸಿಟ್ಟಾಗಿಲ್ಲ."

ಆ ಮಾತನ್ನು ಅವನು ಎಂಟು ದಿನ ಮೆಲುಕು ಹಾಕಿದ. ಮುಂದಿನ ರವಿವಾರ ತೊಗರಿ ಹರವಿ ಬರುತ್ತೇನೆಂದು ಹೇಳಿ ಮಾಳಿಗೆ ಹತ್ತಿದ. ಮಾಳಿಗೆಯ ಮೇಲೆ ಒಂದು ಕಾಳು ತೊಗರಿ ಇರಲಿಲ್ಲ. ಕಿಂಡಿಯ ಅಂಚಿಗೆ ಬೋರಲು ಮಲಗಿ ಇಣುಕಿದ. ಬೆಕ್ಕು ಹಿಟ್ಟಿನ ಡಬ್ಬಿಯೊಳಗೆ ಬಿತ್ತು. ನಗೆಗೆ ಶಾಂತಲಿಂಗಪ್ಪನ ಹೊಟ್ಟೆ ಕುಲುಕಿತು. ಡಬ್ಬಿ ಉರುಳಿ ಬಾವಿಗೆ ಬಿತ್ತು. ಈ ಸಲ ಹೊಟ್ಟೆ ಎಷ್ಟು ಕುಲುಕಿತೆಂದರೆ ಕಿಂಡಿಯ ಅಂಚೇ ಕುಸಿಯಿತು.

ಸೊಂಟದವರೆಗೆ ಇಳಿದು, ಹೊಟ್ಟೆ ಸಿಕ್ಕಿಕೊಂಡು, ಬಾವಲಿಯಂತೆ ತಲೆಕೆಳಗಾಗಿ ತೂಗಾಡಿದ. ರುಮಾಲು ಬಿಚ್ಚಿ ತಮ್ಮನ ತೊಡೆಯ ಮೇಲೆ ಬಿತ್ತು. ಹಾರಿದ ಧೂಳಿಗೆ ಅಫಜಲಪುರದವರೂ ಸೀನಿದರು.

ಪಡಸಾಲೆಯಲ್ಲಿ ಯಾರಿಗೂ ನಗುವ ಧೈರ್ಯವಿಲ್ಲ. ದೌಲತರಾಯ ಬಾಯಿಗೆ ಟವೆಲ್ ತುರುಕಿಕೊಂಡು ಕೂತಿದ್ದ. ನಕ್ಕರೆ ಇನ್ನೊಂದು ಒಂಬತ್ತು ವರ್ಷ. ಕಣ್ಣಿನಲ್ಲಿ ಮಾತ್ರ ದಳದಳ ನೀರು. ಪಕ್ಕದ ಮನೆಯ ಜೈತುನಬಿ, ಬಂದವರನ್ನು ಕೇಳದಿದ್ದರೆ ಹೇಗೆಂದು, ತೂಗಾಡುವವನಿಗೆ ಚಾ ಕುಡಿಯುತ್ತೀರಾ ಎಂದಳು.

ಶಾಂತಲಿಂಗಪ್ಪ ತಮ್ಮನ ಮುಖ ನೋಡಿದ, ತಲೆಕೆಳಗಾಗಿಯೇ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ನಗು ಲೇ ದೌಲ್ಯಾ" ಎಂದ. "ಆ ಬೆಕ್ಕು ಬಿದ್ದಾಗ ನಾನೂ ನಕ್ಕೇನಿ."

"ಮೊದ್ಲ ಇಳಿಯೋ ಅಣ್ಣಾ, ಆಮ್ಯಾಲ..." ಎನ್ನುವಷ್ಟರಲ್ಲಿ ದೌಲತರಾಯನ ಕಟ್ಟೆ ಒಡೆಯಿತು. ಆ ನಗೆಗೆ ಇಜೇರಿಯ ಎತ್ತುಗಳು ನೊಗ ಕಿತ್ತುಕೊಂಡು ಓಡಿದವು. ಯಡ್ರಾಮಿಯಲ್ಲಿ ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ಒಳಗೆ ತಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ತೂಗಾಡುತ್ತಿದ್ದವನೇ. ಆ ಕುಲುಕಿಗೇ ಹೊಟ್ಟೆ ಸಡಿಲಾಗಿ ತಮ್ಮನ ತೋಳಿನೊಳಗೆ ಇಳಿದ.

ತಮ್ಮ ತನ್ನ ಟವೆಲಿನಿಂದಲೇ ಅಣ್ಣನ ಕಿವಿಯ ಮಣ್ಣು ಒರೆಸಿದ. ಈ ಬೆಕ್ಕಿನ ಕಾರ್ಟೂನು ಮಾಡಿದವರು ಯಾರೆಂದು ಶಾಂತಲಿಂಗಪ್ಪ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅವನು ಟಿವಿಗೆ ಕೈಮುಗಿದ.

"ಯಾವ ದೇಶದಾಂವನೋ, ಯಾವ ಪುಣ್ಯಾತ್ಮ ಬರದಾನೋ. ಅವನ ಹೊಟ್ಟಿ ತಣ್ಣಗಿರ್ಲಿ."

ಅಷ್ಟರಲ್ಲಿ ಕಾರ್ಟೂನು ಮುಗಿದು ರಸಗೊಬ್ಬರದ ಜಾಹೀರಾತು ಶುರುವಾಗಿತ್ತು. ಅಣ್ಣತಮ್ಮಂದಿರು ಕದಲಲಿಲ್ಲ. ಅದನ್ನೂ ಪೂರ್ತಿ ನೋಡಿದರು.